ವ್ಯಾಪಾರ ದತ್ತಾಂಶ ವಿನಿಮಯದ ಮಾನಕಗಳು: ಪೈಪೋಟಿ ಮತ್ತು ಕೊಳುಕೊಡೆ

ಒಂದು ಸಂಸ್ಥೆಯ ಕಂಪ್ಯೂಟರಿನಿಂದ ಮತ್ತೊಂದು ಸಂಸ್ಥೆಯ ಕಂಪ್ಯೂಟರಿಗೆ ಆರ್ಡರ್, ಇನ್‌ವಾಯ್ಸ್, ಸರಕು ರವಾನೆಯ ಸೂಚನೆ, ಪಾವತಿ ಆದೇಶ ಮುಂತಾದ ವ್ಯವಹಾರ ಪತ್ರಗಳು ನಡುವೆ ಯಾರೂ ಮತ್ತೆ ಟೈಪ್ ಮಾಡದೆ ನೇರವಾಗಿ ಹೋಗಬೇಕಾದರೆ, ಯಾವ ವಿವರ ಎಲ್ಲಿ, ಯಾವ ರೂಪದಲ್ಲಿ ಇರಬೇಕೆಂಬುದನ್ನು ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡಿರಬೇಕು. ಆ ಒಪ್ಪಂದದ ಬರಹರೂಪವೇ ವ್ಯಾಪಾರ ದತ್ತಾಂಶ ವಿನಿಮಯದ ಮಾನಕ. ಜಗತ್ತಿಗೆಲ್ಲ ಇಂಥದ್ದು ಒಂದೇ ಇರಬೇಕೆಂಬ ಹಂಬಲ ಈ ಕ್ಷೇತ್ರದಷ್ಟೇ ಹಳೆಯದು. ಆದರೆ ಅಮೆರಿಕದಲ್ಲಿ ಎಕ್ಸ್12, ವಿಶ್ವಸಂಸ್ಥೆಯ ಆಶ್ರಯದಲ್ಲಿ ಎಡಿಫ್ಯಾಕ್ಟ್, ವೆಬ್‌ನ ಬರಹ ವ್ಯಾಕರಣವಾದ ಎಕ್ಸ್‌ಎಂಎಲ್ ಬಂದ ಮೇಲೆ ಯುಬಿಎಲ್ ಮತ್ತು ಸಿಐಐ, ಬ್ಯಾಂಕುಗಳಿಗೆ ಐಎಸ್‌ಓ 20022, ತೆರಿಗೆ ಇಲಾಖೆಗಳಿಗೆ ಅವರವರದೇ ನಮೂನೆ ಎಂದು ಮಾನಕಗಳು ಹೆಚ್ಚುತ್ತಲೇ ಹೋದವು.

ಇವು ಪರಸ್ಪರ ಹೇಗೆ ಪ್ರಭಾವಿಸಿದವು ಎಂಬುದನ್ನು ತಿಳಿಯಲು ಮಾನಕವನ್ನು ಪದರಗಳಾಗಿ ಬಿಡಿಸಿ ನೋಡಬೇಕು. ಎಲ್ಲಕ್ಕಿಂತ ಕೆಳಗೆ ಕೋಡ್ ಪಟ್ಟಿಗಳಿವೆ: ದೇಶ, ಕರೆನ್ಸಿ, ಅಳತೆಯ ಘಟಕ, ಬಂದರು, ದಾಖಲೆಯ ಬಗೆ. ಅದರ ಮೇಲೆ ಅರ್ಥದ ಮಾದರಿ, ಅಂದರೆ ಇನ್‌ವಾಯ್ಸ್ ಎಂದರೆ ಅದರಲ್ಲಿ ಏನೇನಿರಬೇಕು, ಯಾವುದು ಯಾವುದಕ್ಕೆ ಸೇರಿದ್ದು ಎಂಬ ನಿರ್ಣಯ. ಅದರ ಮೇಲೆ ಬರೆಯುವ ವ್ಯಾಕರಣ, ಕೊನೆಯಲ್ಲಿ ಸಾಗಿಸುವ ದಾರಿ. ಜಗಳಗಳೆಲ್ಲ ನಡೆದದ್ದು ವ್ಯಾಕರಣದ ಪದರದಲ್ಲಿ. ಸಾಲ ಕೊಟ್ಟು ತೆಗೆದುಕೊಂಡದ್ದು ಕೋಡ್ ಪಟ್ಟಿ ಮತ್ತು ಅರ್ಥದ ಮಾದರಿಗಳಲ್ಲಿ. ಮತ ಹಾಕಿ ಮಾನಕಗಳನ್ನು ಒಂದುಗೂಡಿಸುವ ಪ್ರಯತ್ನಗಳು ಸೋತಿವೆ, ಸದ್ದಿಲ್ಲದೆ ಎರವಲು ಪಡೆದ ಕಡೆಗಳಲ್ಲಿ ಮಾತ್ರ ಅವು ಒಂದಕ್ಕೊಂದು ಹತ್ತಿರವಾಗಿವೆ. ಈ ಲೇಖನದ ಮುಖ್ಯ ವಾದವೂ ಇದೇ.

ಮೂಲ

1948–49ರಲ್ಲಿ ಸೋವಿಯತ್ ಒಕ್ಕೂಟ ಪಶ್ಚಿಮ ಬರ್ಲಿನ್ನಿನ ನೆಲದ ದಾರಿಗಳನ್ನು ಮುಚ್ಚಿದಾಗ ಆಹಾರ, ಕಲ್ಲಿದ್ದಲು, ಔಷಧಿಗಳನ್ನೆಲ್ಲ ವಿಮಾನದಲ್ಲೇ ತಲುಪಿಸಬೇಕಾಯಿತು. ಬಂದ ಸರಕಿನ ಪಟ್ಟಿಗಳು ಒಂದೊಂದು ರೂಪದಲ್ಲಿ, ಒಂದೊಂದು ಭಾಷೆಯಲ್ಲಿ ಇರುತ್ತಿದ್ದವು. ಟೆಲೆಕ್ಸ್, ರೇಡಿಯೋ, ದೂರವಾಣಿ ಯಾವುದರಲ್ಲಾದರೂ ಕಳಿಸಬಹುದಾದ ಏಕರೂಪದ ಸರಕುಪಟ್ಟಿಯನ್ನು ರೂಪಿಸಿದವರಲ್ಲಿ ಅಮೆರಿಕ ಸೇನೆಯ ಎಡ್ವರ್ಡ್ ಗಿಲ್ಬರ್ಟ್ ಪ್ರಮುಖರು. ಮುಂದೆ ಡ್ಯುಪಾಂಟ್ ಕಂಪನಿ ಸೇರಿದ ಅವರು 1960ರ ದಶಕದಲ್ಲಿ ಸಾಗಣೆದಾರರೊಂದಿಗೆ ಸರಕಿನ ವಿವರಗಳನ್ನು ವಿದ್ಯುನ್ಮಾನ ಸಂದೇಶಗಳಾಗಿ ವಿನಿಮಯ ಮಾಡಿಕೊಳ್ಳುವ ವ್ಯವಸ್ಥೆಯನ್ನು ಕಟ್ಟಿದರು. 1968ರಲ್ಲಿ ಅಮೆರಿಕದ ರೈಲು, ಲಾರಿ, ಹಡಗು, ವಿಮಾನ ಸಾಗಣೆಯ ಉದ್ಯಮಗಳು ಸೇರಿ ಟಿಡಿಸಿಸಿ ಎಂಬ ಸಮನ್ವಯ ಸಮಿತಿ ರಚಿಸಿಕೊಂಡವು. ಅದರ ಮೊದಲ ಮಾನಕ 1975ರಲ್ಲಿ ಹೊರಬಂತು.

ಅದೇ ಕಾಲದಲ್ಲಿ ಯುರೋಪು ಬೇರೆ ತುದಿಯಿಂದ ಹೊರಟಿತ್ತು. ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗ ಗಡಿ ದಾಟುವ ಕಾಗದಪತ್ರಗಳ ಭಾರ ತಗ್ಗಿಸಲು ಮೊದಲು ಕಾಗದದ ನಮೂನೆಯನ್ನೇ ಏಕರೂಪಗೊಳಿಸಿತು. ಮಾರುವವನ ಹೆಸರು ಹಾಳೆಯ ಯಾವ ಮೂಲೆಯಲ್ಲಿರಬೇಕು, ಕೊಳ್ಳುವವನದು ಎಲ್ಲಿ ಎಂಬುದನ್ನು ಗೊತ್ತುಮಾಡಿದ ಆ ವಿನ್ಯಾಸದ ಬೆನ್ನಿಗೇ ಪ್ರತಿ ವಿವರಕ್ಕೂ ಒಂದು ಸಂಖ್ಯೆ ಕೊಟ್ಟ ವ್ಯಾಪಾರ ದತ್ತಾಂಶ ನಿಘಂಟು ಬೆಳೆಯಿತು. ಇಂದಿನ ಎಷ್ಟೋ ಡಿಜಿಟಲ್ ಇನ್‌ವಾಯ್ಸ್‌ಗಳ ಒಳಗಿರುವ ಸಂಖ್ಯೆಗಳು ಈ ನಿಘಂಟಿನವು. ಕಂಪ್ಯೂಟರಿಗೆ ಮುಂಚಿನ ಕಾಗದಪತ್ರಗಳ ಅಧ್ಯಯನ ಕಂಪ್ಯೂಟರ್ ಮಾನಕಗಳಿಗೆ ಕೊಟ್ಟ ಈ ಬಳುವಳಿಯ ಬಗ್ಗೆ ತಾಂತ್ರಿಕ ಪುಸ್ತಕಗಳು ಹೆಚ್ಚು ಹೇಳುವುದಿಲ್ಲ, ಹೇಳಬೇಕಿತ್ತು.

ಎಕ್ಸ್12 ಮತ್ತು ಎಡಿಫ್ಯಾಕ್ಟ್

ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಾದ ಆನ್ಸಿ 1979ರಲ್ಲಿ ಎಕ್ಸ್12 ಸಮಿತಿಯನ್ನು ನೇಮಿಸಿತು. ಟಿಡಿಸಿಸಿಯ ಸಾಗಣೆ ಸಂದೇಶಗಳ ಅನುಭವ ಅದಕ್ಕೆ ತಳಹದಿಯಾಯಿತು. ಇಲ್ಲಿ ಪ್ರತಿ ಪತ್ರಕ್ಕೂ ಮೂರಂಕಿಯ ಹೆಸರು: 850 ಅಂದರೆ ಪರ್ಚೇಸ್ ಆರ್ಡರ್, 810 ಇನ್‌ವಾಯ್ಸ್, 856 ರವಾನೆಯ ಮುನ್ಸೂಚನೆ, 997 ತಲುಪಿದ್ದಕ್ಕೆ ರಸೀದಿ. ಈ ಕೆಲಸದಲ್ಲಿರುವವರು ಇಂದಿಗೂ ‘ಎಂಟ್ನೂರೈವತ್ತು ಬಂತಾ’ ಎಂಬ ಧಾಟಿಯಲ್ಲಿ ಸಂಖ್ಯೆ ಹಿಡಿದೇ ಮಾತಾಡುತ್ತಾರೆ.

ಯುರೋಪಿನಲ್ಲಿ ಆಗ ಹಲವು ಮಾನಕಗಳು ಒಟ್ಟಿಗೇ ನಡೆಯುತ್ತಿದ್ದವು. ಬ್ರಿಟನ್ನಿನ ಚಿಲ್ಲರೆ ವ್ಯಾಪಾರಕ್ಕೆ 1982ರಿಂದ ಟ್ರಾಡಾಕಾಮ್ಸ್, ಜರ್ಮನಿಯ ವಾಹನ ಉದ್ಯಮಕ್ಕೆ ವಿಡಿಎ, ಯುರೋಪಿನ ಕಾರು ತಯಾರಕರಿಗೆ ಒಡೆಟ್. ಟ್ರಾಡಾಕಾಮ್ಸ್ ಬಳಸಿದ್ದು ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದಲ್ಲಿ ರೂಪುಗೊಂಡ ಜಿಟಿಡಿಐ ವ್ಯಾಕರಣವನ್ನು. ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಮಾರಾಟ ಮಾಡುವ ಕಂಪನಿಗಳಿಗೆ ಇದು ತಲೆನೋವಾದಾಗ 1985ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಉತ್ತರ ಅಮೆರಿಕ ಮತ್ತು ಯುರೋಪಿನ ತಜ್ಞರ ಜಂಟಿ ಗುಂಪು ಕೂಡಿತು. ಎಡಿಫ್ಯಾಕ್ಟ್ ಹುಟ್ಟಿದ್ದು ಆ ಗುಂಪಿನಲ್ಲಿ. 1987ರಲ್ಲಿ ಅದರ ವ್ಯಾಕರಣಕ್ಕೆ ಐಎಸ್‌ಓ 9735 ಎಂಬ ಅಂತರರಾಷ್ಟ್ರೀಯ ಮುದ್ರೆ ಸಿಕ್ಕಿತು.

ಹಾಗಾಗಿ ಎಡಿಫ್ಯಾಕ್ಟನ್ನು ಎಕ್ಸ್12ರ ಪ್ರತಿಸ್ಪರ್ಧಿ ಎಂದಷ್ಟೇ ಕರೆದರೆ ಅರ್ಧ ಮಾತಾಗುತ್ತದೆ. ಅದು ಎಕ್ಸ್12 ಮತ್ತು ಜಿಟಿಡಿಐ ಎರಡನ್ನೂ ಎದುರಿಗಿಟ್ಟುಕೊಂಡು ಬರೆದ ಮೂರನೆಯದು. ಒಂದೇ ಸಾಲಿನ ತಲೆಗೆ ಬೇರೆ ಬೇರೆ ಅರ್ಹತಾ ಸಂಕೇತ ಹಾಕಿ ಬೇರೆ ಬೇರೆ ಕೆಲಸಕ್ಕೆ ಬಳಸುವ ಕ್ರಮ ಎಕ್ಸ್12, ಎಡಿಫ್ಯಾಕ್ಟ್ ಎರಡರಲ್ಲೂ ಇದೆ. ದಿನಾಂಕದ ಸಾಲಿಗೆ ಎರಡರಲ್ಲೂ ‘ಡಿಟಿಎಂ’ ಎಂಬ ಹೆಸರೇ ಇದೆ. ವ್ಯಕ್ತಿ–ಸಂಸ್ಥೆಗಳ ವಿವರಕ್ಕೆ ಅಲ್ಲಿ ‘ಎನ್1’, ಇಲ್ಲಿ ‘ಎನ್‌ಎಡಿ’. ಹೊರನೋಟಕ್ಕೆ ಅವೆರಡನ್ನು ಬೇರ್ಪಡಿಸುವುದು ವಿರಾಮ ಚಿಹ್ನೆಗಳು: ಎಕ್ಸ್12ರಲ್ಲಿ ಸಾಮಾನ್ಯವಾಗಿ ನಕ್ಷತ್ರ ಮತ್ತು ಅಲೆಗೆರೆ, ಎಡಿಫ್ಯಾಕ್ಟಿನಲ್ಲಿ ಕೂಡು ಚಿಹ್ನೆ, ವಿವರಣ ಚಿಹ್ನೆ, ಕೊನೆಗೆ ಒಂಟಿ ಉದ್ಧರಣ.

ಇಷ್ಟು ಹತ್ತಿರವಿದ್ದ ಮೇಲೆ ಒಂದಾಗಿಬಿಡೋಣ ಎಂಬ ಆಸೆ ಸಹಜ. 1992ರಲ್ಲಿ ಎಕ್ಸ್12 ಸಮಿತಿಯ ಸದಸ್ಯರು ಮತ ಹಾಕಿ, 1997ರ ಹೊತ್ತಿಗೆ ತಮ್ಮ ನಾಲ್ಕನೆಯ ಆವೃತ್ತಿಯ ನಂತರ ಹೊಸ ಬೆಳವಣಿಗೆಯನ್ನೆಲ್ಲ ಎಡಿಫ್ಯಾಕ್ಟ್ ವ್ಯಾಕರಣದಲ್ಲೇ ಮಾಡಬೇಕೆಂದು ತೀರ್ಮಾನಿಸಿದರು. ತೀರ್ಮಾನ ಕಾಗದದಲ್ಲೇ ಉಳಿಯಿತು. ಆ ಹೊತ್ತಿಗೆ ಅಮೆರಿಕದ ಸಾವಿರಾರು ಕಂಪನಿಗಳು ಎಕ್ಸ್12ಕ್ಕೆ ಹಣ ಹೂಡಿ, ಸಿಬ್ಬಂದಿಗೆ ತರಬೇತಿ ಕೊಟ್ಟು, ಸರಬರಾಜುದಾರರನ್ನು ಒಪ್ಪಿಸಿ ಆಗಿತ್ತು. ಬದಲಾದರೆ ಯಾರಿಗೆ ಲಾಭ ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿರಲಿಲ್ಲ. ಮಾರುಕಟ್ಟೆಗೆ ಬೇಕಿರುವವರೆಗೆ ಎಕ್ಸ್12 ಬೆಳೆಯಲಿ ಎಂದು ಸಮಿತಿ ನಿಲುವನ್ನು ಸಡಿಲಿಸಿತು. 1996ರಲ್ಲಿ ಬಂದ ಹಿಪಾ ಕಾಯಿದೆಯ ಅಡಿಯಲ್ಲಿ ಅಮೆರಿಕ ಸರ್ಕಾರ ಆರೋಗ್ಯ ವಿಮೆಯ ಕ್ಲೇಮುಗಳಿಗೆ ಎಕ್ಸ್12 ಅನ್ನೇ ಕಡ್ಡಾಯ ಮಾಡಿತು. 2012ರ ಜನವರಿ 1ರಿಂದ ಅಲ್ಲಿನ ಆಸ್ಪತ್ರೆ ಮತ್ತು ವಿಮಾ ಕಂಪನಿಗಳು ಅದರ 5010 ಆವೃತ್ತಿಗೆ ಬದಲಾದವು. ಕಾನೂನಿನ ಬೇರು ಇಳಿದ ಮೇಲೆ ಎಕ್ಸ್12 ಅಳಿಯುವ ಮಾತೇ ಉಳಿಯಲಿಲ್ಲ.

ವಿಲೀನ ಕೈಗೂಡದಿದ್ದರೂ ಅದು ಬಿಟ್ಟುಹೋದ ಗುರುತುಗಳಿವೆ. ಬಾರ್‌ಕೋಡ್ ಸಂಖ್ಯೆಗಳನ್ನು ಹಂಚುವ ಇಎಎನ್ ಸಂಸ್ಥೆ ಎಡಿಫ್ಯಾಕ್ಟಿನಿಂದ ತನಗೆ ಬೇಕಾದಷ್ಟನ್ನೇ ಆಯ್ದು 1990ರಲ್ಲಿ ಇಎಎನ್‌ಕಾಮ್ ಪ್ರಕಟಿಸಿತು. 2005ರಲ್ಲಿ ಇಎಎನ್ ಮತ್ತು ಅಮೆರಿಕದ ಬಾರ್‌ಕೋಡ್ ಸಂಸ್ಥೆ ಯುಸಿಸಿ ಸೇರಿ ಜಿಎಸ್1 ಆದಾಗ ಒಂದೇ ಸಂಸ್ಥೆಯ ಕೆಳಗೆ ಅಮೆರಿಕದ ಅಂಗಡಿಗಳಿಗೆ ಎಕ್ಸ್12, ಇತರ ದೇಶಗಳಿಗೆ ಇಎಎನ್‌ಕಾಮ್ ನಡೆದವು. ಎರಡರಲ್ಲೂ ಸೋಪಿನ ಪ್ಯಾಕೆಟ್ಟಿಗೆ ಇರುವುದು ಒಂದೇ ಬಾರ್‌ಕೋಡ್ ಸಂಖ್ಯೆ. ಜರ್ಮನಿಯ ವಿಡಿಎ ಕೂಡ 128 ಅಕ್ಷರಗಳ ಸಾಲುಗಳ ತನ್ನ ಹಳೆಯ ಕಡತಗಳ ಜಾಗಕ್ಕೆ ಕ್ರಮೇಣ ಎಡಿಫ್ಯಾಕ್ಟ್ ಆಧಾರಿತ ಶಿಫಾರಸುಗಳನ್ನು ತಂದಿತು.

ಒಂದು ಇನ್‌ವಾಯ್ಸಿನ ಒಳಗೆ

ಎರವಲು ಹೇಗೆ ನಡೆಯುತ್ತದೆ ಎಂಬುದು ಒಂದೇ ಇನ್‌ವಾಯ್ಸಿನ ಮೊದಲ ಸಾಲುಗಳನ್ನು ಅಕ್ಕಪಕ್ಕ ಇಟ್ಟರೆ ಕಾಣುತ್ತದೆ. ಸಂಖ್ಯೆ 1047, ತಾರೀಖು 2024ರ ಏಪ್ರಿಲ್ 15 ಎಂದಿಟ್ಟುಕೊಳ್ಳಿ. ಎಕ್ಸ್12ರಲ್ಲಿ ಅದು ‘ಬಿಐಜಿ*20240415*1047~’. ಪತ್ರ 810 ಎಂಬ ಹೆಸರಿನಲ್ಲೇ ಇನ್‌ವಾಯ್ಸ್ ಎಂದು ಗೊತ್ತಾಗಿರುವುದರಿಂದ ಈ ಸಾಲಿನಲ್ಲಿ ಬಗೆಯನ್ನು ಹೇಳಿಲ್ಲ. ಎಡಿಫ್ಯಾಕ್ಟಿನಲ್ಲಿ ಎರಡು ಸಾಲು ಬೇಕು: ‘ಬಿಜಿಎಂ+380+1047+9'’ ಮತ್ತು ‘ಡಿಟಿಎಂ+137:20240415:102'’. ಇಲ್ಲಿ 380 ಎಂದರೆ ವಾಣಿಜ್ಯ ಇನ್‌ವಾಯ್ಸ್, 137 ಎಂದರೆ ದಾಖಲೆಯ ದಿನಾಂಕ, 102 ಎಂದರೆ ವರ್ಷ–ತಿಂಗಳು–ದಿನ ಎಂಬ ಎಂಟಂಕಿಯ ಬರಹಕ್ರಮ.

ಈಗ ಎಕ್ಸ್‌ಎಂಎಲ್ ಕಾಲಕ್ಕೆ ಬನ್ನಿ. ಯುಬಿಎಲ್ ಇನ್‌ವಾಯ್ಸಿನಲ್ಲಿ ‘ಇನ್‌ವಾಯ್ಸ್‌ಟೈಪ್‌ಕೋಡ್’ ಎಂಬ ಹೆಸರಿನ ಜಾಗವಿದೆ. ಅದರೊಳಗೆ ಬರೆಯುವುದು 380. ವಿಶ್ವಸಂಸ್ಥೆಯದೇ ಸಿಐಐ ನಮೂನೆಯಲ್ಲಿ ‘ಟೈಪ್‌ಕೋಡ್’, ಅದರೊಳಗೂ 380. ಕ್ರೆಡಿಟ್ ನೋಟ್ ಆದರೆ ಮೂರೂ ಕಡೆ 381. ಸಿಐಐಯಲ್ಲಿ ದಿನಾಂಕ ಬರೆಯುವಾಗ ಪಕ್ಕದಲ್ಲಿ 102 ಎಂಬ ಗುರುತು ಹಾಕಬೇಕು, ಎಕ್ಸ್‌ಎಂಎಲ್‌ಗೆ ತನ್ನದೇ ದಿನಾಂಕದ ಕ್ರಮ ಇದ್ದರೂ. ಯುಬಿಎಲ್ ಮಾತ್ರ ಇಲ್ಲಿ ಹಳೆಯದನ್ನು ಬಿಟ್ಟು 2024-04-15 ಎಂದು ಎಕ್ಸ್‌ಎಂಎಲ್ ಪದ್ಧತಿಯನ್ನೇ ಹಿಡಿಯಿತು. ಸೋದರ ಮಾನಕಗಳೆರಡರ ಸ್ವಭಾವದ ವ್ಯತ್ಯಾಸ ಇಷ್ಟರಲ್ಲೇ ತಿಳಿಯುತ್ತದೆ: ಒಂದು ಎಡಿಫ್ಯಾಕ್ಟ್ ಮನೆತನದ ರೂಢಿ ಕಾಪಾಡಿತು, ಇನ್ನೊಂದು ವೆಬ್ ಜಗತ್ತಿನವರಿಗೆ ಸಲೀಸಾಗುವಂತೆ ಬರೆಯಿತು. ಆದರೂ 380ನ್ನು ಬಿಡುವ ಯೋಚನೆ ಯಾರೂ ಮಾಡಲಿಲ್ಲ.

ಅಳತೆಗಳದೂ ಇಂಥದೇ ಕಥೆ. ವಿಶ್ವಸಂಸ್ಥೆಯ ಶಿಫಾರಸು ಸಂಖ್ಯೆ 20ರ ಪ್ರಕಾರ ಕಿಲೋಗ್ರಾಮಿಗೆ ‘ಕೆಜಿಎಂ’. ಎಡಿಫ್ಯಾಕ್ಟ್, ಯುಬಿಎಲ್, ಸಿಐಐ ಮೂರೂ ಇದನ್ನೇ ಒಪ್ಪಿಕೊಂಡಿವೆ. ಎಕ್ಸ್12ರಲ್ಲಿ ‘ಕೆಜಿ’. ಭಾರತದ ಜಿಎಸ್‌ಟಿಯಲ್ಲಿ ‘ಕೆಜಿಎಸ್’. ಪ್ರೋಗ್ರಾಮ್ ಬರೆಯುವವನಿಗೆ ಇದು ಒಂದು ಸಣ್ಣ ಕೋಷ್ಟಕದ ಕೆಲಸ. ಆದರೆ ಅಂಥ ಕೋಷ್ಟಕ ಪ್ರತಿ ಗ್ರಾಹಕನಿಗೂ ಒಂದೊಂದು ಬೇಕಾಗುತ್ತದೆ, ಪ್ರತಿ ಆವೃತ್ತಿಗೂ ತಿದ್ದಬೇಕಾಗುತ್ತದೆ. ವಿದ್ಯುನ್ಮಾನ ದತ್ತಾಂಶ ವಿನಿಮಯದ, ಅಂದರೆ ಇಡಿಐ ಕೆಲಸದಲ್ಲಿ ‘ಮ್ಯಾಪಿಂಗ್’ ಎನ್ನುವುದು ಇದನ್ನೇ, ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಅದನ್ನೇ ವೃತ್ತಿ ಮಾಡಿಕೊಂಡವರಿದ್ದಾರೆ.

ಎಕ್ಸ್‌ಎಂಎಲ್ ಅಲೆ

1998ರ ಫೆಬ್ರವರಿಯಲ್ಲಿ ವೆಬ್ ಒಕ್ಕೂಟ ಎಕ್ಸ್‌ಎಂಎಲ್ ಪ್ರಕಟಿಸಿದಾಗ ಹಳೆಯ ಇಡಿಐ ಕೆಲವೇ ವರ್ಷಗಳಲ್ಲಿ ಮುಗಿಯುತ್ತದೆಂಬ ಮಾತು ಎಲ್ಲೆಡೆ ಕೇಳಿಬಂತು. ಅದೇ ವರ್ಷ ಎಲೆಕ್ಟ್ರಾನಿಕ್ಸ್ ಉದ್ಯಮದವರು ರೋಸೆಟಾನೆಟ್ ಕಟ್ಟಿದರು, 1999ರಲ್ಲಿ ಅರೀಬಾ ಕಂಪನಿಯ ಸಿಎಕ್ಸ್‌ಎಂಎಲ್ ಬಂತು, ಕಾಮರ್ಸ್ ಒನ್ ಕಂಪನಿ ಎಕ್ಸ್‌ಸಿಬಿಎಲ್ ಬೆಳೆಸಿತು. ಎರಡು ಮಾನಕಗಳ ಕಿರಿಕಿರಿ ತಪ್ಪಿಸಲು ಬಂದ ತಂತ್ರ ಮೊದಲ ಮೂರು ವರ್ಷಗಳಲ್ಲೇ ಹತ್ತಾರು ಹೊಸ ನಮೂನೆಗಳನ್ನು ಹೆತ್ತಿತು. ಕಾರಣ ಸರಳ. ಎಕ್ಸ್‌ಎಂಎಲ್ ವ್ಯಾಕರಣವನ್ನಷ್ಟೇ ಕೊಡುತ್ತದೆ. ಮಾರುವವನನ್ನು ಏನೆಂದು ಕರೆಯಬೇಕು, ತೆರಿಗೆಯನ್ನು ಸಾಲಿನ ಮಟ್ಟದಲ್ಲಿ ಲೆಕ್ಕ ಹಾಕಬೇಕೋ ಒಟ್ಟಿನ ಮೇಲೋ ಎಂಬುದನ್ನು ಅದು ಹೇಳುವುದಿಲ್ಲ.

ಈ ಗೊಂದಲಕ್ಕೆ ಉತ್ತರವಾಗಿ 1999ರ ನವೆಂಬರಿನಲ್ಲಿ ವಿಶ್ವಸಂಸ್ಥೆಯ ವ್ಯಾಪಾರ ಮಾನಕಗಳ ಅಂಗವಾದ ಸೆಫ್ಯಾಕ್ಟ್ ಮತ್ತು ಮಾನಕಗಳನ್ನು ರೂಪಿಸುವ ಓಯಸಿಸ್ ಸಂಘಟನೆ ಸೇರಿ ಇಬಿಎಕ್ಸ್‌ಎಂಎಲ್ ಎಂಬ ಹದಿನೆಂಟು ತಿಂಗಳ ಯೋಜನೆ ಹಾಕಿಕೊಂಡವು. 2001ರ ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ ಅದರ ಮೊದಲ ಕಂತು ಪೂರ್ಣಗೊಂಡಿತು. ನೋಂದಣಿ, ಸಂದೇಶ ಸೇವೆ, ವ್ಯವಹಾರ ಪ್ರಕ್ರಿಯೆ, ಪಾಲುದಾರರ ಒಪ್ಪಂದ ಎಲ್ಲವನ್ನೂ ಒಳಗೊಂಡ ಆ ದೊಡ್ಡ ಚೌಕಟ್ಟನ್ನು ಇಡಿಯಾಗಿ ಬಳಸಿದವರು ಕಡಿಮೆ. ಆದ್ದರಿಂದ ಅದನ್ನು ವಿಫಲ ಯೋಜನೆಗಳ ಸಾಲಿಗೆ ಸೇರಿಸುವ ರೂಢಿಯಿದೆ. ಅದು ಸರಿಯಲ್ಲ. ಇಬಿಎಕ್ಸ್‌ಎಂಎಲ್‌ನ ಎರಡು ತುಂಡುಗಳು ಇಂದು ಅನೇಕ ದೇಶಗಳ ಇನ್‌ವಾಯ್ಸ್ ವ್ಯವಸ್ಥೆಗಳನ್ನು ಹೊತ್ತು ನಿಂತಿವೆ. ಒಂದು ಅದರ ಸಂದೇಶ ಸೇವೆ. ಇನ್ನೊಂದು ‘ಕೋರ್ ಕಾಂಪೊನೆಂಟ್’ ಎಂಬ ಅರ್ಥದ ಮಾದರಿ, ಅಂದರೆ ಯಾವ ವ್ಯಾಕರಣಕ್ಕೂ ಕಟ್ಟುಬೀಳದೆ ವ್ಯವಹಾರದ ವಿವರಗಳನ್ನು ವಿವರಿಸುವ ವಿಧಾನ. ಮೊತ್ತ ಎಂದರೆ ಜೊತೆಗೆ ಕರೆನ್ಸಿ ಇರಲೇಬೇಕು, ಪ್ರಮಾಣ ಎಂದರೆ ಅಳತೆಯ ಘಟಕ ಇರಲೇಬೇಕು ಎಂಬಂಥ ಮೂಲ ನಿಯಮಗಳಿಂದ ಅದು ಮೇಲಕ್ಕೆ ಕಟ್ಟುತ್ತ ಹೋಗುತ್ತದೆ.

ಯುಬಿಎಲ್ ಈ ಮಾದರಿಯನ್ನು ತೆಗೆದುಕೊಂಡಿತು. ಎಕ್ಸ್‌ಎಂಎಲ್ ರೂಪಿಸಿದ ಗುಂಪಿನ ಅಧ್ಯಕ್ಷರಾಗಿದ್ದ ಸನ್ ಮೈಕ್ರೋಸಿಸ್ಟಮ್ಸ್‌ನ ಜಾನ್ ಬೊಸಾಕ್ 2001ರಲ್ಲಿ ಓಯಸಿಸ್‌ನಲ್ಲಿ ಯುಬಿಎಲ್ ಸಮಿತಿ ಆರಂಭಿಸಿದಾಗ ಕಚ್ಚಾವಸ್ತುವಾಗಿ ಇಟ್ಟುಕೊಂಡದ್ದು ಕಾಮರ್ಸ್ ಒನ್‌ನ ಎಕ್ಸ್‌ಸಿಬಿಎಲ್. ಅಂದರೆ ಒಂದು ಖಾಸಗಿ ಕಂಪನಿಯ ಪದಕೋಶ, ವಿಶ್ವಸಂಸ್ಥೆಯ ಅರ್ಥದ ಮಾದರಿ, ಎಡಿಫ್ಯಾಕ್ಟಿನ ಕೋಡ್ ಪಟ್ಟಿ, ವೆಬ್ ಒಕ್ಕೂಟದ ವ್ಯಾಕರಣ ನಾಲ್ಕೂ ಸೇರಿ ಯುಬಿಎಲ್ ಆಯಿತು. 2004ರಲ್ಲಿ ಅದರ ಮೊದಲ ಆವೃತ್ತಿ, 2006ರಲ್ಲಿ ಎರಡನೆಯದು, 2013ರಲ್ಲಿ 2.1 ಬಂದು 2015ರಲ್ಲಿ ಐಎಸ್‌ಓ ಮಾನಕವೂ ಆಯಿತು. ಡೆನ್ಮಾರ್ಕ್ ಸರ್ಕಾರ ಅದರ ಮೊದಲ ಆವೃತ್ತಿ ಸಿದ್ಧವಾಗುವ ಮುಂಚಿನ ಕರಡನ್ನೇ ಹಿಡಿದು, 2005ರ ಫೆಬ್ರವರಿ 1ರಿಂದ ಸರ್ಕಾರಿ ಕಚೇರಿಗಳಿಗೆ ವಿದ್ಯುನ್ಮಾನ ಇನ್‌ವಾಯ್ಸ್ ಕಡ್ಡಾಯಗೊಳಿಸಿತು. ಚಿಕ್ಕ ದೇಶವೊಂದರ ಆ ಧೈರ್ಯ ಇಲ್ಲದಿದ್ದರೆ ಯುಬಿಎಲ್ ಕಪಾಟಿನಲ್ಲೇ ಉಳಿಯುತ್ತಿತ್ತೇನೋ.

ಸೆಫ್ಯಾಕ್ಟ್ ಮತ್ತು ಯುಬಿಎಲ್ ಸಂಬಂಧ ಮಾತ್ರ ಕೊನೆಗೂ ಸರಿಹೋಗಲಿಲ್ಲ. 2006ರಲ್ಲಿ ಸೆಫ್ಯಾಕ್ಟ್ ಯುಬಿಎಲ್ 2 ಅನ್ನು ಮೊದಲ ಪೀಳಿಗೆಯ ಎಕ್ಸ್‌ಎಂಎಲ್ ದಾಖಲೆಗಳೆಂದು ಮಾನ್ಯ ಮಾಡಿತು, ಮುಂದಿನದು ವಿಶ್ವಸಂಸ್ಥೆಯಲ್ಲೇ ಒಂದಾಗಿ ಬೆಳೆಯುತ್ತದೆಂಬ ನಿರೀಕ್ಷೆ ಇತ್ತು. ಆದದ್ದು ಬೇರೆ. ಸೆಫ್ಯಾಕ್ಟ್ ತನ್ನದೇ ಸಿಐಐ ಬೆಳೆಸಿತು, ಯುಬಿಎಲ್ ಓಯಸಿಸ್‌ನಲ್ಲೇ ಮುಂದುವರಿಯಿತು. ಇದೇ ಕೋರ್ ಕಾಂಪೊನೆಂಟ್ ಮಾದರಿಯನ್ನು ಕಾರ್ಖಾನೆಗಳ ಒಳವ್ಯವಹಾರಕ್ಕೆ ಹೆಸರಾದ ಓಎಜಿಐಎಸ್ ತನ್ನ 9ನೆಯ ಆವೃತ್ತಿಯಲ್ಲಿ ಅಳವಡಿಸಿಕೊಂಡಿತು. ಒಂದೇ ಮೂಲದಿಂದ ಮೂರು ಕವಲು.

ಸಾಗಿಸುವ ದಾರಿ

ಸಂದೇಶದ ರೂಪಕ್ಕಿಂತ ಅದನ್ನು ಸಾಗಿಸುವ ದಾರಿಯಲ್ಲಿ ಬದಲಾವಣೆ ಬೇಗ ಆಯಿತು. ಮೊದಲು ಇಡಿಐ ಪತ್ರಗಳು ಖಾಸಗಿ ಮೌಲ್ಯವರ್ಧಿತ ಜಾಲಗಳ ಮೂಲಕ, ಅಕ್ಷರಕ್ಕಿಷ್ಟು ಎಂಬ ಲೆಕ್ಕದಲ್ಲಿ ದುಡ್ಡು ಕೊಟ್ಟು ಹೋಗುತ್ತಿದ್ದವು. ಎಕ್ಸ್12 ಮತ್ತು ಎಡಿಫ್ಯಾಕ್ಟ್ ಅಷ್ಟು ಬಿಗಿಯಾಗಿ, ಓದಲು ಕಷ್ಟವಾಗುವಂತೆ ಇರುವುದಕ್ಕೆ ಆ ಕಾಲದ ದುಬಾರಿ ತಂತಿಯೂ ಕಾರಣ. 2002ರಲ್ಲಿ ವಾಲ್‌ಮಾರ್ಟ್ ತನ್ನ ಸರಬರಾಜುದಾರರಿಗೆ ಇಂಟರ್ನೆಟ್ ಮೇಲೆ ಎಎಸ್2 ವಿಧಾನದಲ್ಲೇ ಕಳಿಸಿ ಎಂದಿತು. ಎಎಸ್2ರ ಲಕೋಟೆಯೊಳಗೆ ಹೋದದ್ದು ಅದೇ ಹಳೆಯ 850, 810. ಎಕ್ಸ್‌ಎಂಎಲ್‌ಗೆ ದಾರಿ ಮಾಡಿಕೊಡಬೇಕಿದ್ದ ಇಂಟರ್ನೆಟ್ ಹಳೆಯ ಇಡಿಐಯ ಖರ್ಚನ್ನು ಇಳಿಸಿ ಅದರ ಆಯುಸ್ಸನ್ನು ಹೆಚ್ಚಿಸಿತು. ಹೊಸ ಮಾನಕದ ಜೊತೆ ಬಂದ ಅನುಕೂಲವನ್ನು ಹಳೆಯ ಮಾನಕವೇ ದಕ್ಕಿಸಿಕೊಳ್ಳುವುದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಇಬಿಎಕ್ಸ್‌ಎಂಎಲ್ ಸಂದೇಶ ಸೇವೆಯ ಮೂರನೆಯ ಆವೃತ್ತಿಯನ್ನು ಎಎಸ್2ರಷ್ಟು ಸರಳಗೊಳಿಸಲು ಹೊರಟಾಗ 2013ರಲ್ಲಿ ಎಎಸ್4 ರೂಪುಗೊಂಡಿತು. ಪ್ರತಿಸ್ಪರ್ಧಿಗಳೆನಿಸಿದ್ದ ಎರಡು ಪರಂಪರೆಗಳೂ ಅದರಲ್ಲಿ ಸೇರಿವೆ.

ಯುರೋಪಿನ ತೀರ್ಮಾನ

ಪದರಗಳನ್ನು ಬೇರ್ಪಡಿಸಿದ್ದರಿಂದ ಆಗುವ ಪ್ರಯೋಜನವನ್ನು ಸ್ಪಷ್ಟವಾಗಿ ಕಂಡದ್ದು ಯುರೋಪಿಯನ್ ಒಕ್ಕೂಟ. ಸರ್ಕಾರಿ ಖರೀದಿಯ ಇನ್‌ವಾಯ್ಸ್‌ಗಳ ಬಗ್ಗೆ 2014ರ 55ನೆಯ ನಿರ್ದೇಶನ ಬಂದಾಗ ಪ್ರತಿ ದೇಶವೂ ತನ್ನದೇ ನಮೂನೆ ಬಳಸುತ್ತಿತ್ತು. ಯಾವುದಾದರೂ ಒಂದನ್ನು ಗೆಲ್ಲಿಸಲು ಹೊರಟಿದ್ದರೆ 1992ರ ಕಥೆ ಮರುಕಳಿಸುತ್ತಿತ್ತು. ಅವರು ಮೊದಲು ಅರ್ಥವನ್ನಷ್ಟೇ ಗೊತ್ತುಮಾಡಿದರು. 2017ರಲ್ಲಿ ಬಂದ ಇಎನ್ 16931 ಮಾನಕದ ಮೊದಲ ಭಾಗ ಇನ್‌ವಾಯ್ಸಿನ ಪ್ರತಿ ವಿವರಕ್ಕೂ ಬಿಟಿ ಸಂಖ್ಯೆ ಕೊಡುತ್ತದೆ: ಬಿಟಿ-1 ಇನ್‌ವಾಯ್ಸ್ ಸಂಖ್ಯೆ, ಬಿಟಿ-2 ದಿನಾಂಕ, ಬಿಟಿ-3 ಬಗೆ. ಯಾವ ಮೊತ್ತ ಯಾವುದರ ಕೂಡಿಕೆ ಆಗಿರಬೇಕು ಎಂಬ ಲೆಕ್ಕದ ನಿಯಮಗಳೂ ಅದರಲ್ಲಿವೆ. ಆಮೇಲೆ ಇದನ್ನು ಬರೆಯಲು ಯುಬಿಎಲ್ 2.1 ಮತ್ತು ಸಿಐಐ ಎರಡೂ ನಡೆಯುತ್ತವೆ ಎಂದರು. ಸದಸ್ಯ ದೇಶಗಳ ಕೇಂದ್ರ ಸರ್ಕಾರಿ ಕಚೇರಿಗಳು 2019ರ ಏಪ್ರಿಲ್ 18ರಿಂದ ಎರಡನ್ನೂ ಸ್ವೀಕರಿಸಲೇಬೇಕಾಯಿತು.

ಎಡಿಫ್ಯಾಕ್ಟಿನ ಇನ್‌ವಾಯ್ಸ್ ಈ ಕಡ್ಡಾಯ ಪಟ್ಟಿಯಲ್ಲಿ ಇಲ್ಲ. ಆದರೆ ಯುರೋಪಿನ ಮಾನಕ ಸಮಿತಿ ಬಿಟಿ ಸಂಖ್ಯೆಗಳಿಗೂ ಎಡಿಫ್ಯಾಕ್ಟ್ ಸಾಲುಗಳಿಗೂ ಹೊಂದಿಕೆ ತೋರಿಸುವ ದಾಖಲೆಯನ್ನೂ ಪ್ರಕಟಿಸಿತು. ಹಳೆಯದನ್ನು ಹೊರಗಿಟ್ಟ ಮೇಲೂ ಅದಕ್ಕೊಂದು ಸೇತುವೆ ಉಳಿಯಿತು.

ಜರ್ಮನಿಯಲ್ಲಿ ಇನ್ನೊಂದು ಜಾಣ್ಮೆ ನಡೆಯಿತು. 2014ರಲ್ಲಿ ಬಂದ ಝುಗ್ಫರ್ಡ್ ಕಣ್ಣಿಗೆ ಪಿಡಿಎಫ್, ಕಂಪ್ಯೂಟರಿಗೆ ಅದರೊಳಗೇ ಅಡಗಿಸಿಟ್ಟ ಸಿಐಐ ಕಡತ. ಸಣ್ಣ ಅಂಗಡಿಯವನು ಎಂದಿನಂತೆ ಮುದ್ರಿಸಿಕೊಳ್ಳಬಹುದು, ದೊಡ್ಡ ಕಂಪನಿಯ ತಂತ್ರಾಂಶ ಒಳಗಿನದನ್ನು ಓದಿಕೊಳ್ಳುತ್ತದೆ. ಫ್ರಾನ್ಸ್ ಇದನ್ನು ಮೆಚ್ಚಿ 2017ರಲ್ಲಿ ಫ್ಯಾಕ್ಟರ್-ಎಕ್ಸ್ ಹೆಸರಿನಲ್ಲಿ ತಂದಿತು, ಇಂದು ಎರಡೂ ತಾಂತ್ರಿಕವಾಗಿ ಒಂದೇ. ಇತ್ತ ಯುಬಿಎಲ್ ಪಂಥಕ್ಕೆ ಪೆಪ್ಪೊಲ್ ಜಾಲ ಬೆನ್ನೆಲುಬಾಯಿತು. 2008ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ 2012ರಲ್ಲಿ ಬ್ರಸೆಲ್ಸ್‌ನ ಲಾಭರಹಿತ ಸಂಸ್ಥೆಯ ಕೈಗೆ ಬಂದ ಪೆಪ್ಪೊಲ್‌ನಲ್ಲಿ ಮಾರುವವನಿಗೊಂದು, ಕೊಳ್ಳುವವನಿಗೊಂದು ಸೇವಾದಾರ. ಸೇವಾದಾರರ ನಡುವೆ 2020ರ ಫೆಬ್ರವರಿಯಿಂದ ಎಎಸ್4 ಕಡ್ಡಾಯ. ಸಿಂಗಪುರ, ಆಸ್ಟ್ರೇಲಿಯ, ನ್ಯೂಜಿಲೆಂಡ್, ಜಪಾನ್, ಮಲೇಷ್ಯ ಒಂದೊಂದಾಗಿ ಸೇರಿದಂತೆ ಯುರೋಪಿನ ವ್ಯಾಟ್ ಲೆಕ್ಕಾಚಾರ ಎಲ್ಲರಿಗೂ ಹೊಂದದೆ ದೇಶಾತೀತ ತಿರುಳೊಂದನ್ನು ಬೇರೆಯಾಗಿ ಬರೆಯಬೇಕಾಯಿತು. ಅದರ ಹೆಸರು ಪಿಂಟ್.

ತೆರಿಗೆ ಇಲಾಖೆಗಳು, ಭಾರತ

ಒಂದು ಕಾಲದಲ್ಲಿ ಮಾನಕವನ್ನು ಗೊತ್ತುಮಾಡುತ್ತಿದ್ದವರು ದೊಡ್ಡ ಖರೀದಿದಾರರು. ಈಗ ಆ ಜಾಗಕ್ಕೆ ತೆರಿಗೆ ಇಲಾಖೆ ಬಂದಿದೆ. ಚಿಲಿ, ಬ್ರೆಜಿಲ್, ಮೆಕ್ಸಿಕೋ ಈ ಹಾದಿ ತೋರಿಸಿದವು: ಇನ್‌ವಾಯ್ಸ್ ಮೊದಲು ಇಲಾಖೆಯ ಕಂಪ್ಯೂಟರಿನಲ್ಲಿ ದಾಖಲಾಗಬೇಕು, ಆಮೇಲೆ ಗ್ರಾಹಕನಿಗೆ. ಇಟಲಿ ತನ್ನದೇ ನಮೂನೆಯಲ್ಲಿ 2019ರ ಜನವರಿ 1ರಿಂದ ಖಾಸಗಿ ವ್ಯವಹಾರಕ್ಕೂ ಇದನ್ನು ವಿಸ್ತರಿಸಿತು. ಪೆರು, ಕೊಲಂಬಿಯ, ಟರ್ಕಿ, ಸೌದಿ ಅರೇಬಿಯ ತಮ್ಮ ತೆರಿಗೆ ವ್ಯವಸ್ಥೆಗೆ ಯುಬಿಎಲ್ ಅನ್ನೇ ಒಗ್ಗಿಸಿಕೊಂಡವು. ಕಂಪನಿಗಳ ನಡುವಿನ ವ್ಯವಹಾರಕ್ಕೆಂದು ಬರೆದ ಮಾನಕ ನಾಗರಿಕ–ಸರ್ಕಾರದ ನಡುವೆ ದುಡಿಯತೊಡಗಿತು.

ಭಾರತದ ಕಸ್ಟಮ್ಸ್ ಇಡಿಐ ವ್ಯವಸ್ಥೆ 1995ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. ಅದರ ನಮೂನೆಗಳು ನಮ್ಮವೇ ಆದರೂ ಸ್ಥಳಗಳ ಕೋಡು ನೋಡಿದರೆ ಎರವಲು ಕಾಣುತ್ತದೆ. ಬೆಂಗಳೂರು ವಿಮಾನ ಸರಕು ಕೇಂದ್ರ ‘ಐಎನ್‌ಬಿಎಲ್‌ಆರ್4’, ನವಮಂಗಳೂರು ಬಂದರು ‘ಐಎನ್‌ಎನ್‌ಎಂಎಲ್1’. ಮೊದಲ ಐದು ಅಕ್ಷರ ವಿಶ್ವಸಂಸ್ಥೆಯ ಸ್ಥಳಸೂಚಿಯವು, ಕೊನೆಯ ಅಂಕಿ ಭಾರತದ್ದು: ಸಮುದ್ರಕ್ಕೆ 1, ವಿಮಾನಕ್ಕೆ 4. ಜಗತ್ತಿಗೂ ಅರ್ಥವಾಗಬೇಕು, ನಮ್ಮ ಕೆಲಸಕ್ಕೂ ಒದಗಬೇಕು ಎನ್ನುವಾಗ ಮಾಡಬೇಕಾದ್ದು ಹೀಗೆಯೇ.

ಜಿಎಸ್‌ಟಿ ಇ-ಇನ್‌ವಾಯ್ಸ್‌ನಲ್ಲಿ ಈ ಸಂಯಮ ಅಷ್ಟು ಕಾಣುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಒಪ್ಪಿದ ಈ ಮಾನಕ ಪೆಪ್ಪೊಲ್ ಮತ್ತು ಯುಬಿಎಲ್ ಆಧಾರದ ಮೇಲೆ ರೂಪುಗೊಂಡದ್ದು. 2020ರ ಅಕ್ಟೋಬರ್ 1ರಂದು ₹500 ಕೋಟಿಗಿಂತ ಹೆಚ್ಚು ವಹಿವಾಟಿನವರಿಗೆ ಜಾರಿಯಾಗಿ, ಹಂತ ಹಂತವಾಗಿ ಇಳಿದು, 2023ರ ಆಗಸ್ಟ್ 1ರಿಂದ ₹5 ಕೋಟಿ ದಾಟಿದವರಿಗೆಲ್ಲ ಅನ್ವಯಿಸಿತು. ಜಾರಿಗೆ ಬಂದ ರೂಪ ಎಕ್ಸ್‌ಎಂಎಲ್ ಬಿಟ್ಟು ಜೇಸನ್ ಎಂಬ ಬೇರೆ ವ್ಯಾಕರಣ ಹಿಡಿಯಿತು. 380ರ ಜಾಗಕ್ಕೆ ‘ಐಎನ್‌ವಿ’ ಬಂತು, ದಿನಾಂಕ 15/04/2024 ಆಯಿತು, ‘ಕೆಜಿಎಂ’ ಹೋಗಿ ‘ಕೆಜಿಎಸ್’ ಉಳಿಯಿತು. ಇದರಲ್ಲಿ ಸ್ಥಳೀಯ ವಂಶಾವಳಿಯ ಪಾಲೂ ಇದೆ. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಸರಕು ಸಾಗಣೆಯನ್ನು ದಾಖಲಿಸಲು ತಂದ ಇ-ಸುಗಂ ವ್ಯವಸ್ಥೆಯ ಅನುಭವದ ಮೇಲೆ ರಾಷ್ಟ್ರೀಯ ಮಾಹಿತಿ ಕೇಂದ್ರ ಇ-ವೇ ಬಿಲ್ ಕಟ್ಟಿತು. 2017ರ ಸೆಪ್ಟೆಂಬರಿನಲ್ಲಿ ಅದನ್ನು ಮೊದಲು ಜಾರಿಗೆ ತಂದ ರಾಜ್ಯವೂ ಕರ್ನಾಟಕವೇ. ಇ-ಇನ್‌ವಾಯ್ಸ್ ನಮೂನೆಯೊಳಗೆ ಇ-ವೇ ಬಿಲ್ಲಿಗೆ ಬೇಕಾದ ಸಾಗಣೆಯ ವಿವರಗಳಿಗೆ ಒಂದು ವಿಭಾಗವೇ ಇದೆ. ಲಾರಿ ತಡೆದು ಕಾಗದ ನೋಡುವ ಅಧಿಕಾರಿಯ ಅಗತ್ಯ ಯುಬಿಎಲ್‌ನಿಂದ ಹೊರಟ ಮಾದರಿಯೊಳಗೆ ಹೀಗೆ ಸೇರಿತು.

ಪೀಣ್ಯದ ಬಿಡಿಭಾಗ ತಯಾರಕನೊಬ್ಬ ಜರ್ಮನಿಯ ಕಾರು ಕಾರ್ಖಾನೆಗೂ ಅಮೆರಿಕದ ಟ್ರ್ಯಾಕ್ಟರ್ ಕಂಪನಿಗೂ ಮಾಲು ಕಳಿಸುತ್ತಾನೆಂದುಕೊಳ್ಳಿ. ಒಬ್ಬರಿಗೆ ಎಡಿಫ್ಯಾಕ್ಟ್, ಇನ್ನೊಬ್ಬರಿಗೆ ಎಕ್ಸ್12, ಜಿಎಸ್‌ಟಿ ಪೋರ್ಟಲ್ಲಿಗೆ ಜೇಸನ್. ಅವನ ಬಳಿ ಇರುವುದು ಒಂದೇ ಬಿಲ್ಲು. ಮೂರರಲ್ಲೂ ಬದಲಾಗದೆ ಉಳಿಯಬಲ್ಲದ್ದು ಸರಕಿನ ಎಚ್‌ಎಸ್ ಕೋಡಿನ ಮೊದಲ ಆರು ಅಂಕಿ, ಏಕೆಂದರೆ ಅದು 1988ರಿಂದ ಜಾರಿಯಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆಯ ಪಟ್ಟಿ. ಮ್ಯಾಪಿಂಗ್ ಖರ್ಚು ಬೀಳುವುದು ಸದಾ ಇಂಥ ಸಣ್ಣ ಸರಬರಾಜುದಾರನ ಮೇಲೆ. ಮಾನಕ ಸಮಿತಿಗಳ ಮೇಜಿನ ಸುತ್ತ ಕೂರುವವರಲ್ಲಿ ಅವನು ಇರುವುದಿಲ್ಲ ಎಂಬುದು ಈ ಕ್ಷೇತ್ರದ ದೊಡ್ಡ ಅನ್ಯಾಯ.

ಬ್ಯಾಂಕುಗಳ ದಾರಿ

ಬ್ಯಾಂಕಿಂಗ್‌ನಲ್ಲಿ ಸ್ಪರ್ಧೆ ಕಡಿಮೆ, ಏಕೆಂದರೆ 1977ರಲ್ಲಿ ಕೆಲಸ ಶುರುಮಾಡಿದ ಸ್ವಿಫ್ಟ್ ಇಲ್ಲಿನ ಪ್ರಧಾನ ಜಾಲ. ಅದರ ಎಂಟಿ ಸಂದೇಶಗಳಲ್ಲಿ ಹಣ ಪಡೆಯುವವನ ಹೆಸರು–ವಿಳಾಸಕ್ಕೆ 35 ಅಕ್ಷರಗಳ ನಾಲ್ಕು ಸಾಲು. 2004ರಲ್ಲಿ ಬಂದ ಐಎಸ್‌ಓ 20022 ಬೀದಿ, ಮನೆ ಸಂಖ್ಯೆ, ಪಿನ್‌ಕೋಡ್, ಊರು ಎಂದು ಬಿಡಿಬಿಡಿಯಾಗಿ ಕೇಳುತ್ತದೆ. ರಿಸರ್ವ್ ಬ್ಯಾಂಕ್ 2013ರ ಅಕ್ಟೋಬರಿನಲ್ಲೇ ಆರ್‌ಟಿಜಿಎಸ್ ಅನ್ನು ಇದಕ್ಕೆ ಬದಲಿಸಿತು. ಗಡಿ ದಾಟುವ ಪಾವತಿಗಳಲ್ಲಿ 2023ರ ಮಾರ್ಚ್‌ನಿಂದ 2025ರ ನವೆಂಬರ್‌ವರೆಗೆ ಎರಡೂ ಒಟ್ಟಿಗೆ ನಡೆದವು. ಆ ಅವಧಿಯಲ್ಲಿ ಹೊಸದರಿಂದ ಹಳೆಯದಕ್ಕೆ ಪರಿವರ್ತಿಸುವಾಗ ಉದ್ದದ ವಿವರಗಳು ಕತ್ತರಿಯಾಗುತ್ತಿದ್ದವು. ಎರಡು ಮಾನಕಗಳು ಕೂಡಿ ಬಾಳುವಾಗ ದತ್ತಾಂಶದ ಗುಣಮಟ್ಟವನ್ನು ನಿರ್ಧರಿಸುವುದು ಇಕ್ಕಟ್ಟಾಗಿರುವ ಮಾನಕವೇ.

ಪರಿವರ್ತಕಗಳು ಮತ್ತು ಹಳೆಯದರ ಉಳಿವು

ಜೋಸೆಫ್ ಫ್ಯಾರೆಲ್ ಮತ್ತು ಗಾರ್ತ್ ಸಲೋನರ್ 1985ರಲ್ಲಿ ಹೇಳಿದ ವಾದ ಅರ್ಥಶಾಸ್ತ್ರದಲ್ಲಿ ಪ್ರಸಿದ್ಧ: ಎಲ್ಲರಿಗೂ ಹೊಸ ಮಾನಕ ಮೇಲೆಂದು ಅನಿಸಿದರೂ, ಉಳಿದವರು ಬರುತ್ತಾರೋ ಇಲ್ಲವೋ ಎಂಬ ಅನುಮಾನದಿಂದ ಯಾರೂ ಮೊದಲ ಹೆಜ್ಜೆ ಇಡದೆ ಹೋಗಬಹುದು. ವ್ಯಾಪಾರ ದತ್ತಾಂಶದಲ್ಲಿ ಇದಕ್ಕೆ ಇನ್ನೊಂದು ಎಳೆ ಸೇರುತ್ತದೆ. ಪರಿವರ್ತಕ ತಂತ್ರಾಂಶ ಚೆನ್ನಾಗಿದ್ದಷ್ಟೂ ಬದಲಾಗುವ ಒತ್ತಡ ಕಡಿಮೆ. ಎಕ್ಸ್12 ಆರ್ಡರನ್ನು ಯುಬಿಎಲ್‌ಗೆ ತಿರುಗಿಸುವ ಸಾಧನ ಕೈಯಲ್ಲಿರುವ ಕಂಪನಿ ಎಕ್ಸ್12 ಬಿಡುವುದೇಕೆ? ಜೊತೆಗೆ ಪರಿವರ್ತಕಗಳು ಕೆಲಸ ಮಾಡಬೇಕಾದರೆ ಎರಡೂ ಕಡೆ ಅರ್ಥ ಹೊಂದಬೇಕು, ಆದ್ದರಿಂದ ಅವು ಮಾನಕಗಳನ್ನು ಒಳಗಿನಿಂದ ಹತ್ತಿರ ತರುತ್ತವೆ. ಹೊರಗಿನ ಭೇದ ಉಳಿಯುವುದಕ್ಕೂ ಒಳಗಿನ ಭೇದ ಕರಗುವುದಕ್ಕೂ ಕಾರಣ ಒಂದೇ.

ಯುರೋಪಿನ ಹೊಸ ವ್ಯಾಟ್ ನಿಯಮಗಳಿಗೆ 2025ರ ಮಾರ್ಚ್ 11ರಂದು ಒಪ್ಪಿಗೆ ಸಿಕ್ಕಿದೆ. ಅದರಂತೆ 2030ರ ಜುಲೈ 1ರಿಂದ ಒಕ್ಕೂಟದ ದೇಶಗಳ ನಡುವಿನ ಕಂಪನಿ ವ್ಯವಹಾರಗಳ ವರದಿ ಇಎನ್ 16931 ಆಧಾರಿತ ಇನ್‌ವಾಯ್ಸ್‌ಗಳಿಂದಲೇ ಹೋಗಬೇಕು. ಜರ್ಮನಿಯಲ್ಲಿ 2025ರ ಜನವರಿ 1ರಿಂದ ಕಂಪನಿಗಳು ಇಂಥ ಇನ್‌ವಾಯ್ಸ್ ಸ್ವೀಕರಿಸಲು ಸಿದ್ಧವಿರಬೇಕೆಂಬ ಕಾನೂನು ಬಂದಾಗ, ದಶಕಗಳಿಂದ ಎಡಿಫ್ಯಾಕ್ಟ್ ನಡೆಸುತ್ತಿರುವ ಕಾರು ಮತ್ತು ಚಿಲ್ಲರೆ ಉದ್ಯಮಗಳ ಗತಿ ಏನೆಂಬ ಪ್ರಶ್ನೆ ಎದ್ದಿತು. 2027ರ ಕೊನೆಯವರೆಗೆ ಅವರಿಗೆ ಕಾಲಾವಕಾಶ ಸಿಕ್ಕಿದೆ. ಆಮೇಲೂ ಎರಡೂ ಕಡೆಯವರು ಒಪ್ಪಿಕೊಂಡಿದ್ದರೆ ಇಡಿಐ ಬಳಸಬಹುದು, ಆದರೆ ಕಾನೂನು ಕೇಳುವ ವಿವರಗಳನ್ನೆಲ್ಲ ಅದರಿಂದ ಸರಿಯಾಗಿ, ಪೂರ್ಣವಾಗಿ, ಇಎನ್ 16931ಕ್ಕೆ ಹೊಂದುವ ರೂಪದಲ್ಲಿ ಹೊರತೆಗೆಯಲು ಬರಬೇಕು.